ಎರೆಹೊಲದವರ ಟೊಂಕಕ್ಕೆ ಏಳು ಸೂತ್ರ

ನವಲಗುಂದ ತಾಲೂಕಿನ ಯಮನೂರು ಬೆಣ್ಣಿಹಳ್ಳದ ದಂಡೆಯ ಊರು. ಸುತ್ತಲೂ ಎರೆಹೊಲ: ಹೆಸರು, ಹತ್ತಿ, ಕಡಲೆ, ಜೋಳ. "ಟೊಂಕ ಹಿಡದೈತ್ರಿ" ಎಂದವರಿಗೆ "ವಯಸ್ಸಾತು ಬಿಡ್ರಿ" ಎಂದು ಸಮಾಧಾನ ಹೇಳುವುದನ್ನು ನಾವು ಬಿಡಬೇಕು. ಬಗ್ಗುವ, ಎತ್ತುವ, ಕೂಡುವ ರೀತಿಗೂ ಈ ನೋವಿಗೂ ನೇರ ನಂಟಿದೆ. ರೀತಿಯನ್ನು ಬದಲಿಸಬಹುದು.

1. ಬಗ್ಗಿದವರು ಬಗ್ಗಿಯೇ ಇರಬೇಡಿ. ಕಸ ತೆಗೆಯುವಾಗ, ಹೆಸರು ಬಿಡಿಸುವಾಗ ಹೆಣ್ಣುಮಕ್ಕಳು ಸಾಲು ಮುಗಿಯುವ ತನಕ ತಲೆ ಎತ್ತುವುದಿಲ್ಲ. ಜೊತೆಯವರು ಮುಂದೆ ಹೋದಾರೆಂಬ ಆತಂಕ. ತಾಸುಗಟ್ಟಲೆ ಹೀಗಿದ್ದರೆ ಬೆನ್ನಿನ ಸ್ನಾಯುಗಳು ದಣಿಯುತ್ತವೆ, ಎಳೆತವೆಲ್ಲ ಕಟ್ಟುನಾರು ಮತ್ತು ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ನೆಟ್ಟಗೆ ನಿಲ್ಲಿ, ಟೊಂಕದ ಮೇಲೆ ಕೈಯಿಟ್ಟು ನಾಲ್ಕೈದು ಸಲ ಹಿಂದಕ್ಕೆ ಬಾಗಿ. ಸಾಧ್ಯವಿದ್ದಲ್ಲಿ ಉದ್ದ ಹಿಡಿಕೆಯ ಸಲಕರಣೆ ಬಳಸಿ. ಹೊಲದ ಮಾಲೀಕರೇ, ಆ ಅರ್ಧ ನಿಮಿಷಕ್ಕೆ ಗದರಬೇಡಿ. ಅದೂ ದುಡಿಮೆಯ ಭಾಗವೇ.

2. ಉಡಿ ತುಂಬುವ ತನಕ ಕಾಯಬೇಡಿ. ಹತ್ತಿ ಬಿಡಿಸುವಾಗ ಮುಂದೆ ಕಟ್ಟಿದ ಉಡಿ ದೇಹವನ್ನು ಮುಂದಕ್ಕೇ ಜಗ್ಗುತ್ತದೆ. ಅರ್ಧಕ್ಕೇ ಸುರಿದು ಬನ್ನಿ.

3. ಚೀಲ ಇಬ್ಬರು ಹಿಡಿಯಿರಿ. ಯೂರಿಯಾ ಚೀಲವೇ 45 ಕೆಜಿ. ಒಬ್ಬರೇ ಎತ್ತಲೇಬೇಕಾದರೆ ಮೊಣಕಾಲು ಮಡಿಸಿ, ಚೀಲವನ್ನು ಎದೆಗೆ ಒತ್ತಿಕೊಂಡು ಏಳಿ. ತಿರುಗಬೇಕಾದರೆ ಟೊಂಕ ತಿರುಚದೆ ಪಾದ ತಿರುಗಿಸಿ. ಇನ್ನೊಂದು ಮಾತು ಬಹಳ ಜನ ಲೆಕ್ಕಕ್ಕೆ ಇಡುವುದಿಲ್ಲ: ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಬೆಳಗ್ಗೆ ಬಗ್ಗಿದರೆ ಅವುಗಳ ಮೇಲಿನ ಒತ್ತಡ ಹೆಚ್ಚು. ಎದ್ದ ಮೊದಲ ತಾಸಿನಲ್ಲಿ ಭಾರದ ಕೆಲಸ ಬೇಡ.

4. ಎಣ್ಣೆ ಹೊಡೆಯುವ ಪಂಪನ್ನು ನೆಲದಿಂದ ಬೆನ್ನಿಗೇರಿಸಬೇಡಿ. 16 ಲೀಟರಿನ ಪಂಪಿನಲ್ಲಿ ನೀರೇ 16 ಕೆಜಿ. ಟೊಂಕದೆತ್ತರದ ಕಟ್ಟೆ ಅಥವಾ ಚಕ್ಕಡಿಯ ಮೇಲಿಟ್ಟು ಎರಡೂ ಪಟ್ಟಿ ಹಾಕಿಕೊಳ್ಳಿ.

5. ಟ್ರ್ಯಾಕ್ಟರಿನ ಸೀಟು ಸರಿಪಡಿಸಿ. ದಿನವಿಡೀ ಕುಲುಕಾಟ ತಿಂದ ಬೆನ್ನಿಗೆ ಇಳಿದ ತಕ್ಷಣ ಚೀಲ ಹೊರಿಸಬೇಡಿ.

6. ಫೋನನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ತಲೆಯ ತೂಕ ಸುಮಾರು 5 ಕೆಜಿ. 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಯ ಮೇಲಿನ ಭಾರ 27 ಕೆಜಿಯಷ್ಟಾಗುತ್ತದೆಂದು 2014ರ ಒಂದು ಲೆಕ್ಕಾಚಾರ ಅಂದಾಜಿಸಿದೆ. ನವಲಗುಂದದ ಜಮಖಾನೆ ನೇಯುವ ತಾಯಂದಿರೂ ಮಗ್ಗದ ಮುಂದೆ ಆಗಾಗ ಕತ್ತು ಎತ್ತಿ, ಭುಜ ತಿರುಗಿಸಬೇಕು.

7. ನೋವು ಬಂದಾಗ ಹಾಸಿಗೆ ಹಿಡಿಯಬೇಡಿ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿದರೆ ಸ್ನಾಯು ಸೊರಗುತ್ತದೆ. ಮೆಲ್ಲಗೆ ಓಡಾಡಿ, ಸಾಮಾನ್ಯ ಟೊಂಕನೋವು ಹೆಚ್ಚಿನವರಲ್ಲಿ ಆರು ವಾರದೊಳಗೆ ತಗ್ಗುತ್ತದೆ. ಸಂತೆಗೆ ಹೋದಾಗಲೆಲ್ಲ ನೋವಿನ ಗುಳಿಗೆ ತಂದು ನುಂಗುವುದು ಹೊಟ್ಟೆ, ಮೂತ್ರಪಿಂಡಗಳಿಗೆ ಕೇಡು. ಸೂಜಿ ಮಾಡಿಸಿಕೊಳ್ಳುವುದಾದರೆ ಔಷಧದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಜ್ವರ, ತೂಕ ಇಳಿಕೆ, ರಾತ್ರಿ ಹೆಚ್ಚುವ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು. ನವಲಗುಂದದ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಕೂಡುವ ಭಾಗ ಜೋಮುಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ, ಕಾಲು ಸೋತರೆ ನಾಳೆ ಎನ್ನಬೇಡಿ. ಅದೇ ದಿನ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆಗೆ ಹೊರಡಿ. ತಡವಾದರೆ ನರದ ಬಲ ಮರಳಿ ಬಾರದೇ ಹೋಗಬಹುದು.