ಗಲ್ಲಾ ತುಂಬಲು ಪಯ್ಯಂಪಳ್ಳಿಯ ಆರು ದಾರಿ

ವಯನಾಡಿನ ಮಾನಂತವಾಡಿ ತಾಲ್ಲೂಕಿನ ಪಯ್ಯಂಪಳ್ಳಿಯಲ್ಲಿ, ಕುರುವಾ ದ್ವೀಪಕ್ಕೆ ಹೋಗುವ ದಾರಿಯಲ್ಲಿ ಅಂಗಡಿ ಹಾಕಿದವರಿಗೆ ಕಾಫಿ, ಕಾಳುಮೆಣಸು, ಪ್ರವಾಸಿ ಮೂರೂ ಕೈಗೆಟಕುತ್ತವೆ. ಆದರೂ ಗಲ್ಲಾ ಹಗುರವಾಗಿದ್ದರೆ ಇಷ್ಟು ಮಾಡಿ ನೋಡಿ.

1. ಬಂದವರ ಬಿಲ್ ಬೆಳೆಸಿ. ದಿನಕ್ಕೆ 100 ಗಿರಾಕಿ, ತಲೆಗೆ 40 ರೂಪಾಯಿ ಎಂದರೆ 4,000. ಅದೇ ಜನ 50 ರೂಪಾಯಿ ಕೊಟ್ಟರೆ 5,000. ಹೊಸಬರನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ, ಚಹಾ ಕುಡಿಯಲು ಬಂದವರ ಕಣ್ಣಿಗೆ ಬಿಸಿ ಪಳಂಪೊರಿ ಬೀಳುವಂತೆ ಇಡುವುದು ಸುಲಭ.

2. ದ್ವೀಪವೊಂದನ್ನೇ ನೆಚ್ಚಬೇಡಿ. ಮಳೆಗಾಲದಲ್ಲಿ ಕುರುವಾ ಹೇಗೂ ಮುಚ್ಚುತ್ತದೆ. 2024ರ ಫೆಬ್ರವರಿಯಲ್ಲಿ ಆನೆ ದಾಳಿಗಳ ನಂತರ ಮುಚ್ಚಿದ್ದು ತೆರೆದದ್ದು ಅಕ್ಟೋಬರಿನಲ್ಲಿ. ಅದೂ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೊಂದಿಗೆ. ಪ್ರವಾಸಿ ಬರಲಿ ಬಿಡಲಿ, ಊರವರು ವರ್ಷವಿಡೀ ಕೊಳ್ಳುವ ಸರಕು ಅರ್ಧ ಅಂಗಡಿಯಲ್ಲಾದರೂ ಇರಲಿ. ಮಾರ್ಚ್ ನಡುವೆ ಶುರುವಾಗಿ ಎರಡು ವಾರ ನಡೆಯುವ ವಳ್ಳಿಯೂರುಕಾವು ಜಾತ್ರೆಗೆ ಫೆಬ್ರವರಿಯಲ್ಲೇ ಮಾಲು ತುಂಬಿಸಿ.

3. ಬೀಜ ಮಾರಬೇಡಿ, ಪುಡಿ ಮಾರಿ. ವಯನಾಡಿನ ರೊಬಸ್ಟಾ ಕಾಫಿಗೆ 2019ರಲ್ಲೇ ಭೌಗೋಳಿಕ ಸೂಚಿ ಸಿಕ್ಕಿದೆ. ಅದನ್ನು ಹುರಿದು ಪುಡಿ ಮಾಡಿ ಪೊಟ್ಟಣ ಕಟ್ಟಿದರೆ ಲಾಭ ನಿಮ್ಮಲ್ಲೇ ಉಳಿಯುತ್ತದೆ. ಆದರೆ ಲೆಕ್ಕ ತಪ್ಪಬಾರದು: ಹುರಿದಾಗ ತೂಕ ನೂರಕ್ಕೆ 15ರಿಂದ 20 ಇಳಿಯುತ್ತದೆ. ಬೀಜ ಕೆ.ಜಿ.ಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ 20 ಇಳಿದರೆ ಒಂದು ಕೆ.ಜಿ. ಪುಡಿಗೆ ಬೀಜದ ಖರ್ಚೇ 500. ಸೌದೆ, ಕೂಲಿ, ಪೊಟ್ಟಣ ಅದರ ಮೇಲೆ. ಬೀಜದ ಬೆಲೆಗೆ ಒಂದಿಷ್ಟು ಸೇರಿಸಿ ಪುಡಿಗೆ ದರ ಕಟ್ಟುವವರು ಹೆಚ್ಚು ಮಾರಿದಷ್ಟೂ ಹೆಚ್ಚು ಕಳೆದುಕೊಳ್ಳುತ್ತಾರೆ. ಅಂದಹಾಗೆ, ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಸೂಚಿಯ ಮುದ್ರೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಡಿ.

4. ಗೇಟಿನ ಗಡಿಯಾರ ನೋಡಿ. ಕಾಡು ಹಾದು ಮೈಸೂರಿಗೆ ಹೋಗುವ ಬಾವಲಿ ದಾರಿ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಬಂದ್. ಮೈಸೂರಿನ ಕಾರುಗಳಿಗೆ ಮಧ್ಯಾಹ್ನದ ಮೇಲೆ ಅವಸರವೇ ಅವಸರ. ಪುಡಿ, ಮೆಣಸು, ಏಲಕ್ಕಿ ತೂಗಿ ಕಟ್ಟಿಟ್ಟು, ದರ ಬರೆದಿಟ್ಟಿದ್ದರೆ ಎರಡೇ ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತದೆ. ಬೋರ್ಡಿನಲ್ಲಿ ಮಲಯಾಳಂ ಜೊತೆ ಕನ್ನಡವೂ ಇರಲಿ. ಗಡಿ ದಾಟಿ ಬಂದವರು ತಮ್ಮ ಅಕ್ಷರ ಕಂಡಲ್ಲಿ ಗಾಡಿ ನಿಲ್ಲಿಸುತ್ತಾರೆ.

5. ಉದ್ರಿಗೆ ಮಿತಿ ಹಾಕಿ. ಕೊಯ್ಲು ಮುಗಿದ ಮೇಲೆ ಕೊಡುತ್ತೇನೆ ಎನ್ನುವ ರೈತನಿಗೆ ಇಲ್ಲ ಎನ್ನಲಾಗದು. ಆದರೆ ಮನೆಗೊಂದು ಪುಟ, ಪುಟಕ್ಕೊಂದು ಮಿತಿ ಇರಲಿ. ಇಲ್ಲದಿದ್ದರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

6. ಕಾಗದಪತ್ರ ಸರಿ ಮಾಡಿಕೊಳ್ಳಿ. ಕಾಫಿ ಪುಡಿ ತಯಾರಿಸಿ ರೆಸಾರ್ಟಿಗೆ ಪೂರೈಸುವವರು ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ, ಕಿರು, ಸಣ್ಣ, ಮಧ್ಯಮ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ನೋಂದಣಿ ಉಚಿತ. ಮಾಡಿಸಿಕೊಡುತ್ತೇನೆಂದು ದುಡ್ಡು ಕೇಳಿಕೊಂಡು ಬಂದವರನ್ನು ಬಾಗಿಲಿಂದಲೇ ಸಾಗಹಾಕಿ.