ಫೈಲ್ ತೆರೆಯದಿದ್ದರೆ ಪ್ರೋಗ್ರಾಂ ಬಾಯಿ ಬಿಡಬೇಕು

ರಾಯಚೂರಿನ ಕಾಲೇಜು ಲ್ಯಾಬಿನಲ್ಲಿ ವಿಂಡೋಸ್ ಕಂಪ್ಯೂಟರ್. ಮಾನ್ವಿಯ ಮನೆಯಲ್ಲಿ ಅಣ್ಣ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು ಲಿನಕ್ಸ್. ದೇವದುರ್ಗದ ಬಸ್ಸಿನಲ್ಲಿ ಕೂತಾಗ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು, ಅದರೊಳಗೆ ಲಿನಕ್ಸ್ ಬಗೆಯ ಟರ್ಮಿನಲ್ ಕೊಡುವ ಟರ್ಮಕ್ಸ್ ಆ್ಯಪ್. ಸಿ ಕಲಿಯುವ ನಮ್ಮ ಹುಡುಗ ಹುಡುಗಿಯರು ಒಂದೇ ಪ್ರೋಗ್ರಾಮನ್ನು ಹೀಗೆ ಎರಡು ಮೂರು ಕಡೆ ಓಡಿಸಬೇಕಾಗುತ್ತದೆ. ಕೂಡುವುದು, ಕಳೆಯುವುದು, ಅರೇ ವಿಂಗಡಿಸುವುದು ಎಲ್ಲ ಕಡೆಯೂ ಸಲೀಸು. ಫೈಲ್ ಬಂದ ಕೂಡಲೇ ತೊಡಕು ಶುರು. ಒಂದು ಕಡೆ ಓಡುತ್ತದೆ, ಇನ್ನೊಂದು ಕಡೆ ಮೌನವಾಗಿ ನಿಲ್ಲುತ್ತದೆ, ಮತ್ತೊಂದು ಕಡೆ ತಪ್ಪು ಉತ್ತರವನ್ನು ಸರಿ ಎನ್ನುವಂತೆ ಮುದ್ರಿಸುತ್ತದೆ. ಮೂರರಲ್ಲಿ ಹೆಚ್ಚು ಹಾನಿ ಮಾಡುವುದು ಕೊನೆಯದು.

ಡೆನಿಸ್ ರಿಚಿ 1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಸಿ ಭಾಷೆಗೆ 1989ರಲ್ಲಿ ಅಮೆರಿಕದ ಮಾನಕ ಸಿಕ್ಕಿತು. ಫೈಲ್ ತೆರೆಯುವ, ಓದುವ, ಬರೆಯುವ ಫಂಕ್ಷನ್‌ಗಳ ಹೆಸರು ಎಲ್ಲ ಯಂತ್ರಗಳಲ್ಲೂ ಒಂದೇ ಆದದ್ದು ಆ ಮಾನಕದಿಂದ. ಆದರೆ ಹೆಸರಿನ ಕೆಳಗೆ ಕೆಲಸ ಮಾಡುವ ಆಪರೇಟಿಂಗ್ ಸಿಸ್ಟಂ ಬೇರೆ ಬೇರೆ. ಸಾಲು ಎಲ್ಲಿ ಮುಗಿಯಿತು, ಹೆಸರಿನಲ್ಲಿ ಯಾವ ಅಕ್ಷರ ನಡೆಯುತ್ತದೆ, ಹಳೆಯ ಫೈಲಿನ ಮೇಲೆ ಹೊಸದನ್ನು ಇಡಬಹುದೇ ಎಂಬ ಪ್ರಶ್ನೆಗಳಿಗೆ ಒಂದೊಂದರದೂ ಒಂದೊಂದು ಉತ್ತರ.

ಅಭ್ಯಾಸಕ್ಕೆ ಮಳೆ ಲೆಕ್ಕದ ಒಂದು ಪ್ರೋಗ್ರಾಂ ಇಟ್ಟುಕೊಳ್ಳೋಣ. ಪ್ರತಿ ಸಾಲಿನಲ್ಲಿ ಊರಿನ ಹೆಸರು, ಅಲ್ಪವಿರಾಮ, ಆ ದಿನದ ಮಳೆ ಮಿಲಿಮೀಟರಿನಲ್ಲಿ. ಗಬ್ಬೂರು, ಜಾಲಹಳ್ಳಿ, ಕುರ್ಡಿ ಹೀಗೆ ಊರುಗಳ ಸಾಲು. ಕೊನೆಗೆ ಒಟ್ಟು ಮೊತ್ತ ಇನ್ನೊಂದು ಫೈಲಿಗೆ. ಸುಮ್ಮನೆ ಆರಿಸಿದ ಉದಾಹರಣೆಯಲ್ಲ ಇದು. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇವತ್ತು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಅಂಕಿ ಪಡೆಯುತ್ತದೆ. ಕೃಷ್ಣೆ ತುಂಗಭದ್ರೆಯರ ನಡುವೆ ಇದ್ದೂ ಬರಕ್ಕೆ ತುತ್ತಾಗುವ ಜಿಲ್ಲೆ ನಮ್ಮದು. ಇಲ್ಲಿ ಮಳೆಯ ಅಂಕಿ ತಪ್ಪಾದರೆ ಅದು ಬರೀ ಲ್ಯಾಬಿನ ತಪ್ಪಾಗಿ ಉಳಿಯುವುದಿಲ್ಲ.

ಮೊದಲ ಹೆಜ್ಜೆ: ಹೆಸರು

ಫೈಲಿನ ಹೆಸರನ್ನು ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟರಲ್ಲೇ ಮುಗಿಸಿ. ಲಿನಕ್ಸ್‌ಗೆ ದೊಡ್ಡ ಅಕ್ಷರ ಸಣ್ಣ ಅಕ್ಷರ ಬೇರೆ ಬೇರೆ, ವಿಂಡೋಸ್‌ಗೆ ಸಾಮಾನ್ಯವಾಗಿ ಎರಡೂ ಒಂದೇ. ಹೆಸರನ್ನು ಕನ್ನಡದಲ್ಲೇ ಇಡುವ ಆಸೆ ಸಹಜ, ಉಬುಂಟುವಿನಲ್ಲಿ ಅದು ನಡೆಯುತ್ತದೆ ಕೂಡ. ಆದರೆ ವಿಂಡೋಸ್‌ನ ಎಫ್‌ಓಪನ್ ಫಂಕ್ಷನ್ ಹೆಸರನ್ನು ಹಳೆಯ ಕೋಡ್‌ಪೇಜ್ ಲೆಕ್ಕದಲ್ಲಿ ಓದುತ್ತದೆ. ಕನ್ನಡಕ್ಕೆ ಅಂಥ ಕೋಡ್‌ಪೇಜ್ ಇಲ್ಲ. ವಿಶೇಷ ಏರ್ಪಾಡು ಮಾಡದಿದ್ದರೆ ಅದು ನೀವು ಹೇಳಿದ್ದನ್ನು ಬಿಟ್ಟು ಬೇರಾವುದೋ ಹೆಸರನ್ನು ಹುಡುಕುತ್ತದೆ. ಕನ್ನಡ ಫೈಲಿನ ಒಳಗಿರಲಿ, ಸದ್ಯಕ್ಕೆ ಹೆಸರಿನಲ್ಲಿ ಬೇಡ.

ದಾರಿ ಬರೆಯುವಾಗ ಮುಂದೆ ಬಾಗಿದ ಓರೆಗೆರೆಯನ್ನೇ ಬಳಸಿ, ವಿಂಡೋಸ್‌ನ ಎಫ್‌ಓಪನ್ ಅದನ್ನೂ ಒಪ್ಪುತ್ತದೆ. ಹಿಂದೆ ಬಾಗಿದ ಗೆರೆಯ ಪಕ್ಕ ಇಂಗ್ಲಿಷಿನ ಎನ್ ಬಂದರೆ ಸಿ ಅದನ್ನು ಹೊಸ ಸಾಲು ಎಂದೂ, ಟಿ ಬಂದರೆ ಟ್ಯಾಬ್ ಎಂದೂ ತಿಳಿಯುತ್ತದೆ. ಲ್ಯಾಬಿನಲ್ಲಿ ಇನ್ನೂ ಟರ್ಬೊ ಸಿ ಇದ್ದರೆ ಡಾಸ್ ಕಾಲದ ಮಿತಿಯನ್ನೂ ನೆನಪಿಡಿ: ಚುಕ್ಕೆಗೆ ಮುಂಚೆ ಎಂಟೇ ಅಕ್ಷರ. ಇಂಗ್ಲಿಷಿನಲ್ಲಿ ರಾಯಚೂರು ಏಳು ಅಕ್ಷರ, ಮಾನ್ವಿ ಐದು, ಎರಡೂ ಹಿಡಿಸುತ್ತವೆ. ದೇವದುರ್ಗ ಒಂಬತ್ತು, ಹಿಡಿಸುವುದಿಲ್ಲ.

ಎರಡನೆಯದು: ತೆರೆಯಿರಿ, ಕೂಡಲೇ ಕೇಳಿ

ಎಫ್‌ಓಪನ್ ಸೋತರೆ ನಲ್ ಪಾಯಿಂಟರ್ ಕೊಡುತ್ತದೆ. ಅದನ್ನು ನೋಡದೆ ಮುಂದೆ ಹೋಗುವುದೇ ಪ್ರೋಗ್ರಾಂ ಕುಸಿಯುವುದಕ್ಕೆ ಮುಖ್ಯ ಕಾರಣ. ಇಷ್ಟನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. ಆದರೆ ಅವು ಕಲಿಸುವ ಸಂದೇಶ 'ಫೈಲ್ ತೆರೆಯಲಾಗಲಿಲ್ಲ' ಎಂಬುದು. ನನ್ನ ಮಟ್ಟಿಗೆ ಅದು ಅರ್ಧ ಮೌನ. ಯಾವ ಫೈಲು? ಓದಲು ಹೋಗಿದ್ದೋ ಬರೆಯಲು ಹೋಗಿದ್ದೋ? ಇರಲೇ ಇಲ್ಲವೋ, ಇದ್ದೂ ಅನುಮತಿ ಸಿಗಲಿಲ್ಲವೋ? ಈ ಮೂರೂ ಇಲ್ಲದ ದೂರು ಯಾರಿಗೂ ಉಪಯೋಗವಿಲ್ಲ.

ಕಾರಣ ಇರುವುದು ಎರ್‌ನೋ ಎಂಬ ಕಡೆ. ಬಳಸುವ ಕ್ರಮ ಹೀಗೆ: ಎಫ್‌ಓಪನ್ ಕರೆಯುವ ಮುಂಚೆ ಎರ್‌ನೋವನ್ನು ಸೊನ್ನೆ ಮಾಡಿ. ನಲ್ ಬಂದರೆ ಮೊಟ್ಟಮೊದಲು ಎರ್‌ನೋವಿನ ಬೆಲೆಯನ್ನು ನಿಮ್ಮದೇ ಇಂಟ್ ವೇರಿಯಬಲ್ಲಿಗೆ ಎತ್ತಿಟ್ಟುಕೊಳ್ಳಿ. ನಡುವೆ ಒಂದು ಪ್ರಿಂಟ್‌ಎಫ್ ಬಂದರೂ ಆ ಬೆಲೆ ಬದಲಾಗಿರಬಹುದು. ಆಮೇಲೆ ಸ್ಟ್ರ್‌ಎರರ್ ಫಂಕ್ಷನ್ನಿಗೆ ಆ ಬೆಲೆ ಕೊಟ್ಟು ವಿವರಣೆ ಪಡೆಯಿರಿ. ಬೆಲೆ ಸೊನ್ನೆಯಾಗಿಯೇ ಉಳಿದಿದ್ದರೆ 'ಕಾರಣ ದೊರೆಯಲಿಲ್ಲ' ಎಂದು ಬರೆಯಿರಿ. ಏಕೆಂದರೆ ಎಫ್‌ಓಪನ್ ಸೋತಾಗ ಎರ್‌ನೋ ತುಂಬಲೇಬೇಕು ಎಂದು ಯುನಿಕ್ಸ್ ಬಗೆಯ ಸಿಸ್ಟಂಗಳ ಮಾನಕವಾದ ಪಾಸಿಕ್ಸ್ ಹೇಳುತ್ತದೆ, ಸಿ ಮಾನಕ ಹೇಳುವುದಿಲ್ಲ. ಸೊನ್ನೆ ಮಾಡದೆ ಬಿಟ್ಟರೆ ಹಿಂದೆ ಯಾವಾಗಲೋ ಆದ ತಪ್ಪಿನ ಕಾರಣವನ್ನು ಇವತ್ತಿನದೆಂದು ವರದಿ ಮಾಡಿಬಿಡುತ್ತೀರಿ.

ಎರ್‌ನೋವನ್ನು ಅಂಕಿಯೊಂದಿಗೆ ಹೋಲಿಸಬೇಡಿ, ಹೆಸರಿನೊಂದಿಗೆ ಹೋಲಿಸಿ. ಫೈಲ್ ಇಲ್ಲ ಎನ್ನುವುದಕ್ಕೆ ಲಿನಕ್ಸ್, ವಿಂಡೋಸ್ ಎರಡರಲ್ಲೂ 2 ಇದೆ ನಿಜ; ಆದರೆ 'ಮತ್ತೆ ಪ್ರಯತ್ನಿಸು' ಎನ್ನುವ ಇಅಗೇನ್ ಲಿನಕ್ಸ್‌ನಲ್ಲಿ 11, ಮ್ಯಾಕ್‌ನಲ್ಲಿ 35. ಸ್ಟ್ರ್‌ಎರರ್ ಕೊಡುವ ವಾಕ್ಯವೂ ಎಲ್ಲ ಕಡೆ ಒಂದೇ ಅಲ್ಲ, ಅದನ್ನು ಮನುಷ್ಯರಿಗೆ ತೋರಿಸಬಹುದೇ ಹೊರತು ಪ್ರೋಗ್ರಾಮಿನಲ್ಲಿ ಹೋಲಿಸಬಾರದು.

ಇದೆಲ್ಲವನ್ನೂ ಪ್ರತಿ ಸಲ ಬರೆಯುವ ಬದಲು ಒಂದು ಚಿಕ್ಕ ಫಂಕ್ಷನ್ ಮಾಡಿ. ದೂರು ಎಂದೇ ಹೆಸರಿಡಿ. ಅದಕ್ಕೆ ಮೂರು ಆರ್ಗ್ಯುಮೆಂಟ್: ಮಾಡುತ್ತಿದ್ದ ಕೆಲಸ, ಫೈಲಿನ ಹೆಸರು, ಎತ್ತಿಟ್ಟ ಎರ್‌ನೋ. ಬರೆಯುವುದು ಎಸ್‌ಟಿಡಿಎರರ್‌ಗೆ, ಎಸ್‌ಟಿಡಿಔಟ್‌ಗೆ ಅಲ್ಲ. ಫಲಿತಾಂಶವನ್ನು ಫೈಲಿಗೆ ತಿರುಗಿಸಿದಾಗ ದೂರು ಅದರೊಳಗೆ ಮುಳುಗಿಹೋಗದೆ ಪರದೆಯ ಮೇಲೆಯೇ ಕಾಣಬೇಕು. ದೂರನ್ನು ಕನ್ನಡದಲ್ಲಿ ಬರೆಯಬಹುದು, ಬರೆಯಬೇಕು ಕೂಡ. ಆದರೆ ವಿಂಡೋಸ್‌ನ ಹಳೆಯ ಕಪ್ಪು ಕಿಟಕಿ ಒತ್ತಕ್ಷರಗಳನ್ನು ಕೂಡಿಸಿ ತೋರಿಸುವುದಿಲ್ಲ. ಕನ್ನಡದ ದೂರನ್ನು ಒಂದು ಲಾಗ್ ಫೈಲಿಗೆ ಬರೆದು ಪರದೆಗೆ ಚುಟುಕು ಇಂಗ್ಲಿಷ್ ಸಾಲು ಕೊಡುವುದು ಈಗಿನ ಮಟ್ಟಿಗೆ ಸರಿಯಾದ ದಾರಿ.

ಟರ್ಮಕ್ಸ್ ಬಳಸುವವರಿಗೆ ಒಂದು ಮಾತು. ಫೋನಿನ ಸ್ಟೋರೇಜ್ ಅನುಮತಿ ಕೊಡದಿದ್ದರೆ ಡೌನ್‌ಲೋಡ್ ಫೋಲ್ಡರಿನ ಫೈಲ್ ಕಣ್ಣಿಗೆ ಕಂಡರೂ ತೆರೆಯುವುದಿಲ್ಲ. ದೂರಿನಲ್ಲಿ 'ಅನುಮತಿ ಇಲ್ಲ' ಎಂದು ಬಂದರೆ ಕೋಡ್ ತಿದ್ದುತ್ತ ಕೂರಬೇಡಿ, ಸೆಟ್ಟಿಂಗ್ಸ್ ನೋಡಿ.

ಮೂರನೆಯದು: ಸಾಲು ಓದುವುದು

ಇಲ್ಲಿ ಸ್ವಲ್ಪ ನಿಲ್ಲಬೇಕು, ಕನ್ನಡದಲ್ಲಿ ಮಾಹಿತಿ ಇಡುವವರಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿಯೇ.

ಗೆಟ್ಸ್ ಫಂಕ್ಷನ್ 2011ರ ಮಾನಕದಿಂದಲೇ ಹೊರಬಿದ್ದಿದೆ, ಬಳಸಬೇಡಿ. ಎಫ್‌ಗೆಟ್ಸ್ ಬಳಸಿ. ಲೂಪಿನ ಷರತ್ತಿನಲ್ಲಿ ಎಫ್‌ಇಒಎಫ್ ಇಡುವ ಅಭ್ಯಾಸವನ್ನೂ ಬಿಡಿ. ಫೈಲ್ ಮುಗಿದ ಸಂಗತಿ ಅದಕ್ಕೆ ತಿಳಿಯುವುದು ಮುಗಿದ ಮೇಲೂ ಒಮ್ಮೆ ಓದಲು ಹೋದಾಗ. ಅದರಿಂದಾಗಿಯೇ ಕೊನೆಯ ಊರಿನ ಮಳೆ ಮೊತ್ತದಲ್ಲಿ ಎರಡು ಸಲ ಸೇರುತ್ತದೆ. ಷರತ್ತಿನಲ್ಲಿ ಇರಬೇಕಾದದ್ದು ಎಫ್‌ಗೆಟ್ಸ್. ಅದು ನಲ್ ಕೊಟ್ಟು ಲೂಪ್ ಮುಗಿದ ಮೇಲೆ ಎಫ್‌ಎರರ್ ಕೇಳಿ: ಫೈಲ್ ನಿಜಕ್ಕೂ ಮುಗಿಯಿತೋ, ಓದುವುದೇ ನಡುವೆ ನಿಂತಿತೋ? ನಡುವೆ ಕಿತ್ತ ಪೆನ್‌ಡ್ರೈವ್ ಗೊತ್ತಾಗುವುದು ಈ ಪ್ರಶ್ನೆಯಿಂದ.

ಈಗ ಅಳತೆ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ವ್ಯಂಜನಕ್ಕೆ 3, ಅದರ ಸ್ವರಚಿಹ್ನೆಗೆ 3, ಒತ್ತಕ್ಷರ ಮಾಡುವ ಅರ್ಧಾಕ್ಷರ ಚಿಹ್ನೆಗೂ 3. ಹಾಗಾಗಿ ಮಾನ್ವಿ 18 ಬೈಟ್, ರಾಯಚೂರು 21, ದೇವದುರ್ಗ 24. ಹೆಸರಷ್ಟೇ ಇರುವ ಸಾಲುಗಳನ್ನು 20ರ ಕ್ಯಾರ್ ಅರೇಗೆ ಎಫ್‌ಗೆಟ್ಸ್‌ನಿಂದ ಓದಿ ನೋಡಿ. ಅದು ಒಮ್ಮೆಗೆ ಎತ್ತುವುದು 19 ಬೈಟ್ ಮಾತ್ರ, ಕೊನೆಯದು ಸ್ಟ್ರಿಂಗ್ ಮುಗಿಸುವ ಸೊನ್ನೆಗೆ. ಮಾನ್ವಿಯ 18 ಮತ್ತು ಸಾಲಿನ ಕೊನೆಯ 1 ಸರಿಯಾಗಿ ಕೂಡುತ್ತವೆ. ದೇವದುರ್ಗ 'ದೇವದುರ'ಕ್ಕೆ ನಿಂತು, ಮುಂದಿನ ಚಿಹ್ನೆಯ ಒಂದೇ ಬೈಟ್ ಕತ್ತರಿಸಿಕೊಂಡು ಬಂದು ಪರದೆಯ ಮೇಲೆ ಕಸವಾಗಿ ಕಾಣುತ್ತದೆ. ಉಳಿದ ತುಂಡು ಮುಂದಿನ ಸಲ ಹೊಸ ಊರಿನ ಹೆಸರಂತೆ ಬರುತ್ತದೆ.

ಇನ್ನು ಅದೇ ಮಾನ್ವಿಯ ಸಾಲನ್ನು ವಿಂಡೋಸ್‌ನಲ್ಲಿ ಬರೆದು ಉಬುಂಟುವಿಗೆ ತನ್ನಿ. ವಿಂಡೋಸ್ ಸಾಲಿನ ಕೊನೆಗೆ ಎರಡು ಬೈಟ್ ಇಡುತ್ತದೆ, ಲಿನಕ್ಸ್ ಒಂದು. ವಿಂಡೋಸ್‌ನಲ್ಲೇ ಓದಿದರೆ ಅಲ್ಲಿನ ಲೈಬ್ರರಿ ಎರಡನ್ನು ಒಂದಾಗಿಸಿ ಕೊಡುತ್ತದೆ. ಲಿನಕ್ಸ್‌ನಲ್ಲಿ ಆ ಸೌಕರ್ಯ ಇಲ್ಲ. ಈಗ ಸಾಲು 20 ಬೈಟ್, ಲ್ಯಾಬಿನಲ್ಲಿ ಹಿಡಿಸಿದ್ದ ಮಾನ್ವಿ ಮನೆಯಲ್ಲಿ ಹಿಡಿಸುವುದಿಲ್ಲ. ಕೋಡ್ ಒಂದಕ್ಷರವೂ ಬದಲಾಗಿಲ್ಲ.

ಪರಿಹಾರ ಸರಳ. ಅರೇ ದೊಡ್ಡದಿರಲಿ, 1024 ಇಟ್ಟರೂ ನಷ್ಟವಿಲ್ಲ. ಓದಿದ ಸಾಲಿನಲ್ಲಿ ಹೊಸಸಾಲಿನ ಗುರುತು ಇಲ್ಲ, ಫೈಲೂ ಮುಗಿದಿಲ್ಲ ಎಂದಾದರೆ ಸಾಲು ತುಂಬ ಉದ್ದವಾಯಿತು ಎಂದು ಸಾಲಿನ ಸಂಖ್ಯೆ ಸಮೇತ ದೂರು ಕೊಟ್ಟು, ಉಳಿದ ತುಂಡನ್ನು ಓದಿ ಎಸೆಯಿರಿ. ಆಮೇಲೆ ಎಸ್‌ಟಿಆರ್‌ಸಿಎಸ್‌ಪಿಎನ್ ಬಳಸಿ ಕೊನೆಯ ಎರಡೂ ಬಗೆಯ ಗುರುತನ್ನು ಕತ್ತರಿಸಿ. ಮೊದಲ ಸಾಲಿನ ಹೆಸರು ಮಾತ್ರ ಹೊಂದದಿದ್ದರೆ, ಫೈಲಿನ ತಲೆಯಲ್ಲಿ ಹಳೆಯ ನೋಟ್‌ಪ್ಯಾಡ್ ಇಡುತ್ತಿದ್ದ ಬಿಒಎಂ ಎಂಬ 3 ಬೈಟ್ ಇದೆಯೇ ನೋಡಿ, ಇದ್ದರೆ ದಾಟಿ. 2019ರ ವಿಂಡೋಸ್ 10 ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿ ಅದನ್ನು ಇಡುವುದಿಲ್ಲ.

ಅಕ್ಷರ ಅಕ್ಷರವಾಗಿ ಓದುವವರು ಎಫ್‌ಗೆಟ್‌ಸಿಯ ಉತ್ತರವನ್ನು ಇಂಟ್‌ನಲ್ಲಿ ಹಿಡಿಯಿರಿ, ಕ್ಯಾರ್‌ನಲ್ಲಿ ಬೇಡ. ಪಿಸಿಯಲ್ಲಿ ಕ್ಯಾರ್‌ಗೆ ಋಣ ಬೆಲೆ ಇರುತ್ತದೆ, ಆಂಡ್ರಾಯ್ಡ್ ಫೋನಿನ ಎಆರ್‌ಎಂ ಚಿಪ್ಪಿನಲ್ಲಿ ಇರುವುದಿಲ್ಲ. ಅಲ್ಲಿ ಕ್ಯಾರ್ ಎಂದಿಗೂ ಫೈಲ್ ಮುಗಿದ ಗುರುತಾದ ಇಒಎಫ್ ಎಂಬ ಋಣ ಬೆಲೆಗೆ ಸಮವಾಗದೆ ಲೂಪ್ ನಿಲ್ಲುವುದೇ ಇಲ್ಲ.

ನಾಲ್ಕನೆಯದು: ಸೊನ್ನೆ ಮಳೆಯೋ, ಸುದ್ದಿಯೇ ಇಲ್ಲವೋ

ಮಳೆಮಾಪಕ ಕೆಟ್ಟ ದಿನ ಅಂಕಣ ಖಾಲಿ ಇರುತ್ತದೆ, ಇಲ್ಲವೇ ಯಾರೋ ಒಂದು ಗೀಟು ಎಳೆದಿರುತ್ತಾರೆ. ಎಟಿಒಎಫ್ ಫಂಕ್ಷನ್ ಎರಡಕ್ಕೂ ಸೊನ್ನೆ ಎಂದು ಉತ್ತರಿಸುತ್ತದೆ, ತಪ್ಪಾಯಿತೆಂದು ಹೇಳುವ ದಾರಿಯೇ ಅದಕ್ಕಿಲ್ಲ. ಮಳೆ ಬರಲಿಲ್ಲ ಎನ್ನುವುದೂ ಮಳೆ ಬಂತೋ ಇಲ್ಲವೋ ದಾಖಲಾಗಲಿಲ್ಲ ಎನ್ನುವುದೂ ಒಂದೇ ಅಲ್ಲ ಎಂದು ಜಾಲಹಳ್ಳಿಯ ತೊಗರಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರೋಗ್ರಾಮಿಗೆ ಮಾತ್ರ ಹೇಳಿಕೊಡಬೇಕು.

ಎಸ್‌ಟಿಆರ್‌ಟಿಒಡಿ ಬಳಸಿ. ಅದು ಎಲ್ಲಿಯವರೆಗೆ ಓದಿತು ಎಂಬುದನ್ನು ಒಂದು ಪಾಯಿಂಟರಿನಲ್ಲಿ ತಿಳಿಸುತ್ತದೆ. ಆ ಪಾಯಿಂಟರ್ ಶುರುವಿನಲ್ಲೇ ನಿಂತಿದ್ದರೆ ಅಂಕಿ ಇರಲಿಲ್ಲ ಎಂದರ್ಥ. ನಡುವೆ ನಿಂತಿದ್ದರೆ ಅಂಕಿಯ ಹಿಂದೆ ಬೇರೇನೋ ಇದೆ. ಎರ್‌ನೋದಲ್ಲಿ ಇರೇಂಜ್ ಬಂದಿದ್ದರೆ ಅಂಕಿ ಮಿತಿ ಮೀರಿದೆ. ಇಲ್ಲೂ ಕರೆಯುವ ಮುಂಚೆ ಎರ್‌ನೋ ಸೊನ್ನೆ ಮಾಡಿರಬೇಕು. ಕೊನೆಗೆ ನಿಮ್ಮದೇ ಮಿತಿ ಹಾಕಿ, ಅದನ್ನು 'ಸೊನ್ನೆಗೆ ಸಮ ಇಲ್ಲವೇ ಹೆಚ್ಚು, ಸಾವಿರಕ್ಕೆ ಸಮ ಇಲ್ಲವೇ ಕಡಿಮೆ ಎಂಬುದು ನಿಜವಲ್ಲವಾದರೆ ಬಿಡು' ಎಂಬ ರೂಪದಲ್ಲೇ ಬರೆಯಿರಿ. ಎನ್‌ಎಎನ್ ಎಂಬ ಅಂಕಿಯಲ್ಲದ ಬೆಲೆ ಬೇರೆ ರೂಪದ ಷರತ್ತಿನಲ್ಲಿ ನುಸುಳಿಬಿಡುತ್ತದೆ. ಬಿಟ್ಟ ಸಾಲುಗಳನ್ನು ಎಣಿಸಿ, ಮೊತ್ತದ ಪಕ್ಕದಲ್ಲೇ ಎಷ್ಟು ಊರುಗಳ ಅಂಕಿ ಸಿಗಲಿಲ್ಲ ಎಂದು ಮುದ್ರಿಸಿ. ಮೊತ್ತವನ್ನು ಮಾತ್ರ ಮುದ್ರಿಸುವ ಪ್ರೋಗ್ರಾಂ ನನಗೆ ಒಪ್ಪಿಗೆಯಿಲ್ಲ.

ಐದನೆಯದು: ಬರೆಯುವುದು, ಮುಚ್ಚುವುದು

ಎಫ್‌ಪ್ರಿಂಟ್‌ಎಫ್ ಗೆದ್ದಿತು ಎಂದರೆ ಅಕ್ಷರಗಳು ಬಫರಿಗೆ ಸೇರಿದವು ಎಂದಷ್ಟೇ ಅರ್ಥ. ಹಮಾಲರು ಚೀಲವನ್ನು ಲಾರಿಗೆ ಏರಿಸಿದ ಮಾತ್ರಕ್ಕೆ ಅದು ಗೋದಾಮು ಮುಟ್ಟಿದಂತಾಗಲಿಲ್ಲ. ಡಿಸ್ಕ್ ತುಂಬಿದ್ದು ಎಷ್ಟೋ ಸಲ ಎಫ್‌ಕ್ಲೋಸ್ ಕರೆದಾಗಲೇ ತಿಳಿಯುತ್ತದೆ. ಆದ್ದರಿಂದ ಮುಚ್ಚುವ ಮುಂಚೆ ಎಫ್‌ಫ್ಲಶ್, ಎಫ್‌ಎರರ್ ನೋಡಿ, ಎಫ್‌ಕ್ಲೋಸ್ ಇಒಎಫ್ ಕೊಟ್ಟರೆ ಅದಕ್ಕೂ ದೂರು ಬರೆಯಿರಿ.

ಬರೆಯುವ ನಡುವೆ ಕರೆಂಟ್ ಹೋದರೆ? 'ಡಬ್ಲ್ಯೂ' ಮೋಡಿನಲ್ಲಿ ತೆರೆದ ಕ್ಷಣವೇ ಹಳೆಯ ಫೈಲ್ ಖಾಲಿಯಾಗಿರುತ್ತದೆ. ಹಾಗಾಗಿ ಹಳೆಯದರ ಮೇಲೆ ಬರೆಯಬೇಡಿ. ಬೇರೆ ಹೆಸರಿನ ಹೊಸ ಫೈಲಿಗೆ ಬರೆದು, ಸರಿಯಾಗಿ ಮುಚ್ಚಿತೆಂದು ಖಾತ್ರಿಯಾದ ಮೇಲೆ ಹೆಸರು ಬದಲಿಸಿ. ಲಿನಕ್ಸ್‌ನ ರೀನೇಮ್ ಹಳೆಯದನ್ನು ಸರಿಸಿ ಹೊಸದನ್ನು ಕೂರಿಸುತ್ತದೆ, ವಿಂಡೋಸ್‌ನದು ಆ ಹೆಸರಿನ ಫೈಲ್ ಇದ್ದರೆ ನಿರಾಕರಿಸುತ್ತದೆ. ಎರಡಕ್ಕೂ ಒಪ್ಪುವ ಕ್ರಮ: ಹಿಂದಿನ ಬ್ಯಾಕಪ್ ಅಳಿಸಿ, ಈಗಿನ ಫೈಲನ್ನು ಬ್ಯಾಕಪ್ ಹೆಸರಿಗೆ ಬದಲಿಸಿ, ಹೊಸದಕ್ಕೆ ನಿಜ ಹೆಸರು ಕೊಡಿ, ಪ್ರತಿ ಹೆಜ್ಜೆಯ ಉತ್ತರ ನೋಡುತ್ತಾ. ಎಫ್‌ಫ್ಲಶ್ ಮಾಹಿತಿಯನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುತ್ತದೆಯೇ ಹೊರತು ಡಿಸ್ಕಿಗೆ ಇಳಿಯಿತೆಂದು ಭರವಸೆ ಕೊಡುವುದಿಲ್ಲ. ಅದಕ್ಕೆ ಲಿನಕ್ಸ್‌ನಲ್ಲಿ ಎಫ್‌ಸಿಂಕ್, ವಿಂಡೋಸ್‌ನಲ್ಲಿ ಕಮಿಟ್ ಎಂಬ ಬೇರೆ ಬೇರೆ ಕರೆಗಳಿವೆ.

ಸ್ಟ್ರಕ್ಚರನ್ನು ಎಫ್‌ರೈಟ್‌ನಿಂದ ನೇರವಾಗಿ ಬರೆದು ಬೇರೆ ಯಂತ್ರಕ್ಕೆ ಒಯ್ಯಬೇಡಿ. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4, ಟರ್ಬೊ ಸಿಯಲ್ಲಿ ಇಂಟ್ ಎರಡೇ ಬೈಟ್.

ಮೇನ್ ಮುಗಿಸುವಾಗ ಸೋತಿದ್ದರೆ ಎಕ್ಸಿಟ್ ಫೇಲ್ಯೂರ್ ಕೊಡಿ. ತಪ್ಪುಗಳ ಎಣಿಕೆಯನ್ನೇ ಕೊಡುವವರೂ ಇದ್ದಾರೆ. ಲಿನಕ್ಸ್ ಕೊನೆಯ 8 ಬಿಟ್ ಮಾತ್ರ ನೋಡುತ್ತದೆ, 256 ತಪ್ಪುಗಳು ಸೊನ್ನೆಯಾಗಿ, ಅಂದರೆ ಗೆಲುವಾಗಿ ಕಾಣುತ್ತವೆ.

ಕೊನೆಯದು: ಬೇಕೆಂದೇ ಕೆಡಿಸಿ ನೋಡಿ

ಇಲ್ಲದ ಹೆಸರು ಕೊಡಿ. ಓದಲು ಮಾತ್ರ ಅನುಮತಿ ಇರುವ ಫೈಲಿಗೆ ಬರೆಯಲು ಹೋಗಿ. ಒಂದು ಅಂಕಣ ಖಾಲಿ ಬಿಡಿ, ಇನ್ನೊಂದರಲ್ಲಿ ಅಂಕಿಯ ಬದಲು ಹೆಸರು ಹಾಕಿ. ವಿಂಡೋಸ್‌ನಲ್ಲಿ ಉಳಿಸಿದ ಫೈಲನ್ನು ಉಬುಂಟುವಿನಲ್ಲಿ ಓದಿಸಿ, ಫೋನಿನಲ್ಲೂ ಓದಿಸಿ. ಲಿನಕ್ಸ್‌ನಲ್ಲಿ ಡೆವ್ ಫೋಲ್ಡರಿನೊಳಗೆ ಫುಲ್ ಎಂಬ ವಿಶೇಷ ಫೈಲಿದೆ, ಅದು ಸದಾ ಜಾಗವಿಲ್ಲ ಎನ್ನುತ್ತದೆ. ಮೊತ್ತವನ್ನು ಅದಕ್ಕೆ ಬರೆಸಿ: ಎಫ್‌ಓಪನ್ ಗೆಲ್ಲುತ್ತದೆ, ಚಿಕ್ಕ ಎಫ್‌ಪ್ರಿಂಟ್‌ಎಫ್ ಕೂಡ ಗೆಲ್ಲುತ್ತದೆ, ಎಫ್‌ಫ್ಲಶ್ ಸೋಲುತ್ತದೆ. ಆಗ ನಿಮ್ಮ ದೂರು ಫಂಕ್ಷನ್ನಿನ ಸಾಲು ಪರದೆಯ ಮೇಲೆ ಬರದಿದ್ದರೆ ಐದನೆಯ ಹೆಜ್ಜೆಗೆ ಹಿಂತಿರುಗಿ, ಯಾವ ಕರೆಯ ಉತ್ತರವನ್ನು ನೋಡದೆ ಬಿಟ್ಟಿದ್ದೀರಿ ಎಂದು ಹುಡುಕಿ.