ವರ್ಚುವಲ್ ಮೆಮೊರಿ ಎಂಬ ಉಪಾಯ

ನಾವು ಚಿಕ್ಕ ಮೇಜಿನ ಮುಂದೆ ಕುಳಿತು, ಹತ್ತಾರು ಸಂಪುಟಗಳ ನಿಘಂಟನ್ನು ನೋಡಬೇಕಾಗಿದೆಯೆಂದು ಭಾವಿಸೋಣ. ಎಲ್ಲವೂ ಮೇಜಿನ ಮೇಲೆ ಹಿಡಿಯಲಾರವು. ಆದಕಾರಣ ಬೇಕಾದ ಸಂಪುಟವನ್ನು ಮಾತ್ರ ಕಪಾಟಿನಿಂದ ತಂದು, ಮುಗಿದುದನ್ನು ಹಿಂದಕ್ಕಿರಿಸುವೆವು. ಗಣಕಯಂತ್ರದ ಮೆಮೊರಿಯು ಆ ಮೇಜಿನಂತೆ. ಡಿಸ್ಕು ಆ ಕಪಾಟಿನಂತೆ. ಈ ತರುವ, ಇಡುವ ಕೆಲಸವನ್ನು ಪ್ರೋಗ್ರಾಮಿಗೆ ತಿಳಿಯದ ಹಾಗೆ ಯಂತ್ರವೂ ಆಪರೇಟಿಂಗ್ ಸಿಸ್ಟಮೂ ಕೂಡಿ ನಡಿಸುವದಕ್ಕೆ ವರ್ಚುವಲ್ ಮೆಮೊರಿ ಎಂದು ಹೆಸರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ 1962ರಲ್ಲಿ ಉದ್ಘಾಟಿತವಾದ ಅಟ್ಲಾಸ್ ಯಂತ್ರದಲ್ಲಿ ಈ ಉಪಾಯವು ಸಿದ್ಧಿಸಿತು. ಅಲ್ಲಿ ಕಪಾಟಿನ ಸ್ಥಾನದಲ್ಲಿದ್ದುದು ತಿರುಗುವ ಕಾಂತೀಯ ಡ್ರಮ್ಮು.

ಕೇಳಿದ ಪುಟವು ಮೆಮೊರಿಯಲ್ಲಿ ಇಲ್ಲದಿದ್ದರೆ ಏನಾಗಬೇಕು? ಪ್ರೊಸೆಸರು ಆಜ್ಞೆಯ ನಡುವೆಯೇ ನಿಂತು, ಪುಟವು ಬಂದ ತರುವಾಯ ಅದೇ ಆಜ್ಞೆಯನ್ನು ತಪ್ಪಿಲ್ಲದೆ ಪೂರೈಸಬೇಕು. ಓದುವವಳು ತಾನು ನಿಲ್ಲಿಸಿದ ಸಾಲನ್ನೇ ಮರೆತರೆ, ಪುಸ್ತಕವನ್ನು ತಂದುಕೊಟ್ಟು ಫಲವೇನು?

1979ರ ಮೊಟೊರೊಲಾ 68000 ಎಂಬ ಮೈಕ್ರೊಪ್ರೊಸೆಸರಿನ ಕುಂದು ಇದೇ. ಅದು 16 ಮೆಗಾಬೈಟುಗಳ ಮೆಮೊರಿಯನ್ನು ಮುಟ್ಟಬಲ್ಲದಾಗಿದ್ದರೂ, ನಡುವೆ ನಿಂತಾಗ ತನ್ನ ಸ್ಥಿತಿಯನ್ನು ಪೂರ್ಣವಾಗಿ ಬರೆದಿಡುತ್ತಿರಲಿಲ್ಲ. ಅಪೊಲೊ ಸಂಸ್ಥೆಯವರು ತಮ್ಮ ಮೊದಲ ಯಂತ್ರದಲ್ಲಿ ಎರಡು 68000ಗಳನ್ನಿಟ್ಟು, ಒಂದು ಕಾದಿರುವಾಗ ಮತ್ತೊಂದು ಪುಟವನ್ನು ತರಿಸುವಂತೆ ಮಾಡಿದರು. 1982ರ 68010 ಆ ಕುಂದನ್ನು ನೀಗಿಸಿತು.

ಇಂಟೆಲ್ ಸಂಸ್ಥೆಯ ದಾರಿ ಬೇರೆ. 1981ರ ಐಬಿಎಂ ಪಿಸಿಯ 8088 ಪ್ರೊಸೆಸರಿನಲ್ಲಿ ವರ್ಚುವಲ್ ಮೆಮೊರಿಯೂ ಇರಲಿಲ್ಲ, ಒಂದು ಪ್ರೋಗ್ರಾಮಿನ ತಪ್ಪು ಮತ್ತೊಂದನ್ನು ಕೆಡಿಸದಂತೆ ತಡೆಯುವ ರಕ್ಷಣೆಯೂ ಇರಲಿಲ್ಲ. ಅದಕ್ಕೆ ಎಂಎಸ್-ಡಾಸ್ ಎಂಬ ಸರಳ ಆಪರೇಟಿಂಗ್ ಸಿಸ್ಟಮ್ ಸಾಕಾಯಿತು. 1982ರ 80286ರಲ್ಲಿ ಇವೆರಡೂ ಬಂದವು. ಆದರೆ ರಕ್ಷಿತ ಸ್ಥಿತಿಗೆ ಹೋದ ಯಂತ್ರವು ಮರುಪ್ರಾರಂಭವಿಲ್ಲದೆ ಹಳೆಯ ಸ್ಥಿತಿಗೆ ಮರಳಲಾರದಾಗಿತ್ತು. ಡಾಸ್ ಬಳಕೆದಾರರಿಗೆ ಆ ಶಕ್ತಿ ಬಹುಮಟ್ಟಿಗೆ ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯಿತು. 1985ರ 80386, ಮೆಮೊರಿಯನ್ನು 4 ಕಿಲೊಬೈಟಿನ ಸಮಾನ ಪುಟಗಳಾಗಿ ವಿಭಾಗಿಸಿತು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ರಚಿಸಿದ್ದು ಈ ಪ್ರೊಸೆಸರಿಗಾಗಿಯೇ.

ಒಂದು ಎಚ್ಚರಿಕೆಯೂ ಉಂಟು. ಮೇಜು ತೀರ ಚಿಕ್ಕದಾದರೆ, ಓದುವದನ್ನು ಬಿಟ್ಟು ಕಪಾಟಿಗೆ ಓಡಾಡುವದರಲ್ಲಿಯೇ ದಿನ ಕಳೆಯುವದು. ಡಿಸ್ಕು ಮೆಮೊರಿಗಿಂತ ಬಹಳ ನಿಧಾನವಾದದ್ದು.

ಹೀಗಿರಲಾಗಿ, ಯಂತ್ರವನ್ನು ಆರಿಸುವಾಗ ಅದರ ವೇಗವನ್ನು ಮಾತ್ರ ಕೇಳಿದರೆ ಸಾಲದೆಂದು ನಾವು ಕಲಿಯುತ್ತೇವೆ. ತಡೆಯಲ್ಪಟ್ಟಾಗ ನಿಂತ ಕೆಲಸಕ್ಕೆ ಮರಳಬಲ್ಲದೋ ಎಂಬದನ್ನೂ ಕೇಳಬೇಕು.